ಬಂಡೆಯ ಬರಹವೂ ಕೊಟ್ಟಿಗೆಯ ಕಾಯಿದೆಯೂ

ಕಾರಹುಣ್ಣಿಮೆಯ ದಿನ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆಸರ ಕಟ್ಟಿ, ಹೋಳಿಗೆಯನ್ನು ಮೊದಲು ಅವುಗಳ ಬಾಯಿಗಿತ್ತು ಆಮೇಲೆ ತಾವು ಉಣ್ಣುವ ಪದ್ಧತಿಯು ನಮ್ಮ ಒಕ್ಕಲು ಮನೆತನಗಳಲ್ಲಿ ಇಂದಿಗೂ ಅಳಿದಿಲ್ಲ. ಅದಾಗಿ ಹದಿನೈದು ದಿನಗಳಿಗೆ ಬರುವ ಮಣ್ಣೆತ್ತಿನ ಅಮಾವಾಸ್ಯೆಯಲ್ಲಿ ಮನೆಯ ಮಕ್ಕಳು ಮಣ್ಣಿನಿಂದ ಎತ್ತಿನ ಜೋಡಿಯನ್ನು ಮಾಡಿ ಪೂಜಿಸುವರು. ವರ್ಷದಲ್ಲಿ ಎರಡು ದಿನ ದೇವರೆಂದು ಕೈಮುಗಿದ ಜೀವವನ್ನು ಉಳಿದ 363 ದಿನ ಯಾವ ರೀತಿಯಿಂದ ನಡೆಸಿಕೊಳ್ಳುತ್ತೇವೆಂಬುದೇ ಈ ತಿಂಗಳು ಈ ಪುಟದಲ್ಲಿ ನಾವು ವಾಚಕರೊಡನೆ ವಿಚಾರ ಮಾಡಬೇಕೆಂದಿರುವ ಸಂಗತಿ. ಈ ವಿಚಾರಕ್ಕೆ ನಾವು ರಾಯಚೂರು ಜಿಲ್ಲೆಯ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳ ಸೀಮೆಯನ್ನೇ ಆರಿಸಿಕೊಂಡಿರುವುದಕ್ಕೆ ಕಾರಣವುಂಟು.

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಹೆದ್ದಾರಿಯ ನಡುವೆ ಮಸ್ಕಿ ಸಿಗುವುದು. ಅಲ್ಲಿಯ ಗುಡ್ಡದ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನವಿರುವುದನ್ನು, ಚಿನ್ನದ ನಿಕ್ಷೇಪಗಳನ್ನು ಹುಡುಕುತ್ತ ಬಂದಿದ್ದ ಬೀಡನ್ ಎಂಬ ಎಂಜಿನಿಯರರು 1915ರಲ್ಲಿ ಕಂಡರು. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರ ಇದ್ದುವು. ಆ ಬಿರುದುಗಳ ಒಡೆಯನು ಅಶೋಕನೇ ಎಂಬುದನ್ನು ಹೆಸರು ಹಿಡಿದು ಹೇಳಿದ ಮೊದಲ ಶಾಸನ ಮಸ್ಕಿಯದು. ಇಷ್ಟನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ಶಾಸನದ ಅಭಿಪ್ರಾಯವೇನೆಂಬುದನ್ನು ದೊಡ್ಡವರು ಕೂಡ ಅಷ್ಟಾಗಿ ಗಮನಿಸಿದಂತೆ ತೋರುವುದಿಲ್ಲ. ಧರ್ಮದ ಫಲವು ದೊಡ್ಡವರಿಗೆ ಮಾತ್ರ ದಕ್ಕುವಂಥದೆಂದು ತಿಳಿಯಬಾರದು, ಸಣ್ಣವನೂ ಧರ್ಮದಲ್ಲಿ ನಿಂತರೆ ಅದನ್ನು ಪಡೆಯಬಲ್ಲನು ಎಂಬುದೇ ಅದರ ತಾತ್ಪರ್ಯ.

ಮಸ್ಕಿಯ ಬಂಡೆಯಲ್ಲಿ ಪ್ರಾಣಿಗಳ ಮಾತಿಲ್ಲ. ಅದು ಬೇರೆ ಬಂಡೆಗಳಲ್ಲಿದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನದಲ್ಲಿ, ಜೀವಿಗಳ ವಿಷಯದಲ್ಲಿ ದಯೆಯು ದೃಢವಾಗಿರತಕ್ಕದ್ದೆಂಬ ಕಟ್ಟಳೆ ಇದೆ. ಆಂಧ್ರದ ಕರ್ನೂಲು ಸೀಮೆಯ ಎರ್ರಗುಡಿಯ ಬಂಡೆಗಳಲ್ಲಿ, ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದುದನ್ನೂ, ಇಬ್ಬರ ಉಪಯೋಗಕ್ಕಾಗಿ ದಾರಿಗಳಲ್ಲಿ ಬಾವಿ ತೋಡಿಸಿ ಮರ ನೆಡಿಸಿದುದನ್ನೂ ಚಕ್ರವರ್ತಿಯು ಹೇಳಿಕೊಂಡಿದ್ದಾನೆ. ಉತ್ತರದೇಶದ ಸ್ತಂಭಶಾಸನಗಳಲ್ಲಿ, ಗೊತ್ತಾದ ತಿಥಿಗಳಲ್ಲಿ ಹೋರಿಗಳ ಬೀಜ ಒಡೆಯಬಾರದು, ಎತ್ತು ಕುದುರೆಗಳಿಗೆ ಬರೆ ಹಾಕಬಾರದು ಎಂಬಂಥ ಸೂಕ್ಷ್ಮ ನಿಯಮಗಳೂ ಇವೆ. ಇಂತು ದಯೆಯನ್ನು ಕಾಯಿದೆಯಾಗಿ ಬರೆಯುವ ಕೆಲಸ ನಮ್ಮ ದೇಶದಲ್ಲಿ ಇಪ್ಪತ್ತೆರಡು ಶತಮಾನಗಳಿಗೂ ಹಿಂದಿನದು. ಆ ದಯೆಯನ್ನು ನಡೆಸತಕ್ಕವನು ಯಾರೆಂಬ ಪ್ರಶ್ನೆಗೆ ಮಾತ್ರ ಮಸ್ಕಿಯ ಬಂಡೆಯ ಉತ್ತರವೇ ಸರಿಯಾದುದೆಂದು ನಮ್ಮ ನಂಬಿಗೆ: ಸಣ್ಣವನು, ಅಂದರೆ ಹಗ್ಗವನ್ನು ಕೈಯಲ್ಲಿ ಹಿಡಿದ ಮನೆಯವನು.

ಈಗಿನ ಕಾಯಿದೆಗಳ ಕಥೆಯನ್ನು ಸಂಕ್ಷೇಪವಾಗಿ ಹೇಳುವೆವು. ದನಗಳನ್ನು ಕ್ರೂರವಾಗಿ ನಡೆಸಿಕೊಳ್ಳುವುದು ಅಪರಾಧವೆಂದು ಇಂಗ್ಲೆಂಡಿನ ಪಾರ್ಲಿಮೆಂಟು ರಿಚರ್ಡ್ ಮಾರ್ಟಿನ್ ಎಂಬ ಸದಸ್ಯರ ಪ್ರಯತ್ನದಿಂದ 1822ರಲ್ಲಿ ವಿಧಿಸಿತು. ಬ್ರಿಟಿಷ್ ಇಂಡಿಯಾಕ್ಕೆ ಅಂಥ ಕಾಯಿದೆ 1890ರಲ್ಲಿ ಬಂದಿತು. ಆಗ ಲಿಂಗಸುಗೂರು, ಸಿಂಧನೂರುಗಳು ಹೈದರಾಬಾದಿನ ನಿಜಾಮರ ಸಂಸ್ಥಾನದಲ್ಲಿದ್ದುವು. 1948ರಲ್ಲಿ ಆ ಸಂಸ್ಥಾನವು ಭಾರತದಲ್ಲಿ ಸೇರಿ, 1956ರಲ್ಲಿ ಈ ಸೀಮೆಯು ಮೈಸೂರು ರಾಜ್ಯಕ್ಕೆ ಬಂದ ಮೇಲೆ, ದೇಶಕ್ಕೆಲ್ಲ ಒಂದಾಗಿ 1960ರ ಪ್ರಾಣಿಗಳ ಮೇಲಣ ಕ್ರೌರ್ಯ ತಡೆ ಕಾಯಿದೆ ಹುಟ್ಟಿತು. ಭರತನಾಟ್ಯದಿಂದ ಲೋಕಪ್ರಸಿದ್ಧರಾದ ಶ್ರೀಮತಿ ರುಕ್ಮಿಣೀದೇವಿ ಅರುಂಡೇಲರು ರಾಜ್ಯಸಭೆಯಲ್ಲಿ ಈ ವಿಷಯವನ್ನು ಹಿಡಿದು ಸಾಧಿಸಿದವರು. ಆ ಕಾಯಿದೆಯ ಮೇರೆಗೆ 1962ರಲ್ಲಿ ಏರ್ಪಟ್ಟ ಪ್ರಾಣಿ ಕಲ್ಯಾಣ ಮಂಡಳಿಗೆ ಮೊದಲ ಅಧ್ಯಕ್ಷರಾದವರೂ ಅವರೇ.

ಈ ಕಾಯಿದೆಯ ಮೂರನೆಯ ಕಲಮನ್ನು ಪ್ರತಿಯೊಬ್ಬ ಗೃಹಸ್ಥನೂ ತಿಳಿದಿರತಕ್ಕದ್ದು. ಯಾವ ಪ್ರಾಣಿಯಾದರೂ ಯಾರ ಆರೈಕೆಯಲ್ಲಿ ಅಥವಾ ವಶದಲ್ಲಿ ಇದೆಯೋ ಅವರು ಅದರ ಕ್ಷೇಮಕ್ಕಾಗಿ ಯುಕ್ತವಾದ ಕ್ರಮಗಳನ್ನೆಲ್ಲ ಕೈಕೊಳ್ಳಬೇಕು, ಅದಕ್ಕೆ ಅನಗತ್ಯವಾದ ನೋವು ಸಂಕಟಗಳು ಆಗದಂತೆ ತಡೆಯಬೇಕು ಎಂಬುದು ಅದರ ಸಾರ. ‘ಅನಗತ್ಯ’ ಎಂಬ ಶಬ್ದವೇ ಇಡೀ ಕಾಯಿದೆಯ ಕೀಲಿಕೈ. ಎತ್ತು ದುಡಿಯಬಾರದೆಂದಾಗಲಿ, ಹಸುವನ್ನು ಕರೆಯಬಾರದೆಂದಾಗಲಿ, ಮಾಂಸ ಉಣ್ಣುವವರು ಅದನ್ನು ಬಿಡಬೇಕೆಂದಾಗಲಿ ಅದು ಹೇಳುವುದಿಲ್ಲ. ನಿನ್ನ ಕೆಲಸಕ್ಕೆ ಬೇಕಿಲ್ಲದ ನೋವನ್ನು ಏಕೆ ಕೊಟ್ಟೆ ಎಂದಷ್ಟೇ ಕೇಳುವುದು. ಮನೆಯವರು ತಮ್ಮನ್ನು ತಾವೇ ಕೇಳಿಕೊಳ್ಳಬಹುದಾದ ಪ್ರಶ್ನೆ ಇದಕ್ಕಿಂತ ನ್ಯಾಯವಾದುದು ಬೇರೊಂದಿಲ್ಲ.

ಇನ್ನೊಂದು ಸಂಗತಿಯನ್ನು ಯಜಮಾನರು ಮರೆಯುವಂತಿಲ್ಲ. ದನಕ್ಕೆ ಹೊಡೆದವನು ಸಂಬಳದ ಆಳು, ತಾನಲ್ಲವೆಂದು ಹೇಳಿ ಒಡೆಯನು ತಪ್ಪಿಸಿಕೊಳ್ಳಲಾರನು. ಯುಕ್ತವಾದ ಎಚ್ಚರಿಕೆಯಿಂದ ಮೇಲ್ವಿಚಾರಣೆ ನಡೆಸಿದ್ದರೆ ಆ ಅಪರಾಧ ಆಗುತ್ತಿರಲಿಲ್ಲವೆಂದಾದರೆ, ಒಡೆಯನೂ ಅಪರಾಧಿಯೇ ಎಂದು ಹನ್ನೊಂದನೆಯ ಕಲಮು ಹೇಳುವುದು. ಆಳಿನ ಕೈಯ ಕೋಲು ನಮ್ಮ ಕೈಯದೇ ಎಂದು ತಿಳಿಯುವುದು ಧರ್ಮದೃಷ್ಟಿಯಿಂದಲೂ ಸರಿ, ಕಾಯಿದೆಯ ದೃಷ್ಟಿಯಿಂದಲೂ ಸರಿ.

ಹೀಗಿದ್ದರೂ ಶಿಕ್ಷೆಯೆಷ್ಟು? ಹೊಡೆಯುವುದು, ಮಿತಿಮೀರಿ ಹೇರುವುದು, ಹುಣ್ಣಿದ್ದ ಪಶುವನ್ನು ದುಡಿಸುವುದು, ಹಸಿವಿನಲ್ಲಿಡುವುದು, ಬೀದಿಗೆ ಬಿಡುವುದು ಮೊದಲಾದ ಅಪರಾಧಗಳಿಗೆ ಮೊದಲ ಸಲ 10 ರೂಪಾಯಿಗೆ ಕಡಿಮೆಯಿಲ್ಲದ, 50 ರೂಪಾಯಿಗೆ ಮೀರದ ದಂಡ. ಮೂರು ವರ್ಷಗಳೊಳಗೆ ಮತ್ತೆ ಮಾಡಿದರೆ 25ರಿಂದ 100 ರೂಪಾಯಿ, ಅಥವಾ ಮೂರು ತಿಂಗಳವರೆಗೆ ಸೆರೆ, ಅಥವಾ ಎರಡೂ. 1960ರಲ್ಲಿ 50 ರೂಪಾಯಿ ದೊಡ್ಡ ಹಣವಾಗಿತ್ತು. ಇಂದು ಅದರಿಂದ ಒಂದು ಒಳ್ಳೆಯ ಮೂಗುದಾರವೂ ದೊರೆಯುವುದು ಕಷ್ಟ. ಪ್ರಾಣಿಯನ್ನು ಕೇಡಿನ ಬುದ್ಧಿಯಿಂದ ಕೊಂದರೆ, ವಿಷವಿಕ್ಕಿದರೆ, ಅಂಗಹೀನ ಮಾಡಿದರೆ ಮಾತ್ರ 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನ ಮೇರೆಗೆ ಐದು ವರ್ಷಗಳವರೆಗೆ ಸೆರೆಯುಂಟು. ದಿನದಿನದ ಸಣ್ಣ ಕ್ರೌರ್ಯಗಳ ದಂಡವು ಹಳೆಯ ಮೊತ್ತದಲ್ಲೇ ನಿಂತಿದೆ. ಅದನ್ನು ಹೆಚ್ಚಿಸಬೇಕೆಂಬ ಕೂಗು ನ್ಯಾಯವಾದುದೇ. ಆದರೆ ದಂಡ ಹೆಚ್ಚಾಗುವತನಕ ಕಾಯಿದೆಯು ನಿರುಪಯೋಗಿಯೆಂದು ತಿಳಿಯುವುದು ಸರಿಯಲ್ಲ. ದಂಡಿಸುವ ಕೋಲಾಗಿ ಅದು ಸಣ್ಣದು. ಅಳೆಯುವ ಕೋಲಾಗಿ ಬಹು ಚೆನ್ನಾಗಿದೆ. ಆ ಅಳತೆಗಳನ್ನು ಮನೆಗಳಿಗೆ ತಲುಪಿಸುವುದೇ ಈ ಲೇಖನದ ಉದ್ದೇಶ.

ಮೊದಲನೆಯದು ಬಿಸಿಲಿನ ಅಳತೆ. ಗಾಡಿ ಎಳೆಯುವ, ಹೊರೆ ಹೊರುವ ಪಶುಗಳಿಗಾಗಿ 1965ರಲ್ಲಿ ನಿಯಮಗಳಾಗಿವೆ. ಉಷ್ಣತೆಯು 37 ಡಿಗ್ರಿ ಸೆಂಟಿಗ್ರೇಡಿಗೆ ಮೀರಿದ ಪ್ರದೇಶದಲ್ಲಿ ಮಧ್ಯಾಹ್ನ 12ರಿಂದ 3 ಗಂಟೆಯವರೆಗೆ ಅವುಗಳಿಂದ ಗಾಡಿ ಎಳೆಸಬಾರದು, ಹೊರೆ ಹೊರಿಸಬಾರದು. ದಿನದಲ್ಲಿ ಒಟ್ಟು 9 ಗಂಟೆಗೆ ಮೀರಿ ದುಡಿಸಬಾರದು. ವಿಶ್ರಾಂತಿಯಿಲ್ಲದೆ ಒಂದೇ ಸಮನೆ 5 ಗಂಟೆಗೆ ಮೀರಿ ದುಡಿಸಬಾರದು. ಕೆಲಸ ಮುಗಿದ ಮೇಲೂ ನೊಗಕ್ಕೆ ಕಟ್ಟಿ ನಿಲ್ಲಿಸಬಾರದು. ರಾಯಚೂರು ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳುಗಳ ಬಿಸಿಲು 40 ಡಿಗ್ರಿ ದಾಟುವುದು ಅಪೂರ್ವವಲ್ಲ. ಎಂದಮೇಲೆ ಬೇಸಗೆಯ ಬಹುಪಾಲು ದಿನಗಳಲ್ಲಿ ಈ ಮೂರು ಗಂಟೆಗಳ ಬಿಡುವು ಇಲ್ಲಿಯ ಎತ್ತುಗಳಿಗೆ ಕಾಯಿದೆಯೇ ಕೊಟ್ಟ ಹಕ್ಕು. ನಿಯಮದಲ್ಲಿ ನೇಗಿಲಿನ ಹೆಸರಿಲ್ಲವೆಂದು ಯಾರಾದರೂ ವಾದಿಸಬಹುದು. ಆದರೆ ಗಾಡಿಗೆ ಸುಡುವ ಬಿಸಿಲು ಕುಂಟೆಗೆ ಸುಡದೆ ಇರುವುದಿಲ್ಲ. ನಸುಕಿನಲ್ಲಿ ಹೂಡಿ ಹೊತ್ತೇರುವ ಮುಂಚೆ ಬಿಡುತ್ತಿದ್ದ ನಮ್ಮ ಹಿರಿಯರು ಯಾವ ನಿಯಮವನ್ನೂ ಓದದೆಯೇ ಇದನ್ನು ಅರಿತಿದ್ದರು.

ಎರಡನೆಯದು ಭಾರದ ಅಳತೆ. ಅದೇ ನಿಯಮಗಳು ಎತ್ತುಗಳನ್ನು ತೂಕದ ಮೇಲೆ ಮೂರು ತರವಾಗಿ ವಿಂಗಡಿಸುತ್ತವೆ: 200 ಕಿಲೋವರೆಗಿನದು ಸಣ್ಣದು, 350 ಕಿಲೋವರೆಗಿನದು ಮಧ್ಯಮ, ಅದಕ್ಕೆ ಮೇಲ್ಪಟ್ಟದ್ದು ದೊಡ್ಡದು. ಗಾಳಿಯ ಟೈರಿಲ್ಲದ ಎರಡು ಗಾಲಿಯ ಬಂಡಿಯಲ್ಲಿ ಸಣ್ಣ ಎತ್ತಿಗೆ 500, ಮಧ್ಯಮ ಎತ್ತಿಗೆ 700, ದೊಡ್ಡ ಎತ್ತಿಗೆ 900 ಕಿಲೋ. ಟೈರ್ ಬಂಡಿಯಾದರೆ ಕ್ರಮವಾಗಿ 750, 1050, 1350 ಕಿಲೋ. ದಾರಿಯಲ್ಲಿ ಒಂದು ಕಿಲೋಮೀಟರಿಗೆ ಕಡಿಮೆಯಿಲ್ಲದ ಕಡಿದಾದ ಏರು ಇದ್ದರೆ ಈ ಮಿತಿಯು ಅರ್ಧಕ್ಕೆ ಇಳಿಯುವುದು. ಕತ್ತೆಯ ಬೆನ್ನಿಗೆ 50 ಕಿಲೋ ಮಾತ್ರ. ಇಟ್ಟಿಗೆ, ಮರಳು, ಬತ್ತದ ಚೀಲಗಳನ್ನು ಹೇರುವವರು ಈ ಅಂಕೆಗಳನ್ನು ಒಂದು ಹಲಗೆಯ ಮೇಲೆ ಬರೆದಿಟ್ಟುಕೊಂಡರೆ ಸಾಕು. ಸಾಗದ ಬಂಡಿಯನ್ನು ಸಾಗಿಸಲು ಮುಳ್ಳುಗೋಲಿನಿಂದ ತಿವಿಯುವುದನ್ನೂ, ಮೊಳೆ ಮುಳ್ಳುಗಳಿರುವ ಹತಾರಗಳನ್ನು ಬಳಸುವುದನ್ನೂ ನಿಯಮಗಳು ಸ್ಪಷ್ಟವಾಗಿ ನಿಷೇಧಿಸಿವೆ.

ನೊಗದ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಜೋಡಿಯಲ್ಲಿ ಒಂದು ಎತ್ತು ಎತ್ತರ, ಇನ್ನೊಂದು ಗಿಡ್ಡವಾದರೆ ಭಾರವೆಲ್ಲ ಒಂದರ ಹೆಗಲಿಗೆ ಬಿದ್ದು ಹೆಗಲು ಬಾಯುವುದು, ಮುಂದೆ ಹುಣ್ಣಾಗುವುದು. ಒರಟಾದ ನೊಗವನ್ನು ನಯವಾಗಿ ಕೆತ್ತಿಸಿ, ಹೆಗಲು ತಾಗುವ ಕಡೆ ಮೆತ್ತಗಿನ ಬಟ್ಟೆ ಸುತ್ತುವುದಕ್ಕೆ ಖರ್ಚು ಬಹಳವಿಲ್ಲ. ಹೆಗಲು ಬಾತ ಎತ್ತನ್ನು ಹೂಡುವುದು ಹನ್ನೊಂದನೆಯ ಕಲಮಿನ ಅಪರಾಧವೂ ಹೌದು, ಒಕ್ಕಲುತನದ ಅವಿವೇಕವೂ ಹೌದು. ಯಾಕೆಂದರೆ ನಾಲ್ಕು ದಿನದ ಬಿಡುವಿನಿಂದ ಮಾಯಬಹುದಾದ ಬಾವು, ಬಿಡುವು ಕೊಡದಿದ್ದರೆ ಇಡೀ ಹಂಗಾಮನ್ನೇ ನುಂಗುವುದು.

ಮೂರನೆಯದು ಹಗ್ಗದ ಅಳತೆ. ಅಯುಕ್ತವಾಗಿ ಗಿಡ್ಡವಾದ ಅಥವಾ ಭಾರವಾದ ಹಗ್ಗ ಸರಪಳಿಗಳಲ್ಲಿ ಪಶುವನ್ನು ಬಹಳ ಹೊತ್ತು ಕಟ್ಟಿಹಾಕುವುದು ಕ್ರೌರ್ಯವೆಂದು ಕಾಯಿದೆ ಎಣಿಸುವುದು. ನಮ್ಮ ಕೊಟ್ಟಿಗೆಗಳಲ್ಲಿ ಎಷ್ಟು ದನಗಳು ಮಲಗಿದಾಗ ಕೊರಳನ್ನು ನೆಲಕ್ಕೆ ಊರಲಾರದಷ್ಟು ಗಿಡ್ಡ ಹಗ್ಗದಲ್ಲಿ ರಾತ್ರಿ ಕಳೆಯುತ್ತಿವೆಯೆಂಬುದನ್ನು ವಾಚಕರೇ ನೋಡಬಹುದು. ಕೂಡಿಹಾಕಿದ ಪ್ರಾಣಿಗೂ ಎದ್ದು ನಿಲ್ಲಲು, ಮಲಗಲು, ತಿರುಗಲು, ಮೈ ನೆಕ್ಕಿಕೊಳ್ಳಲು, ಕಾಲು ಚಾಚಲು ಎಡೆಯಿರಬೇಕೆಂದು ಇಂಗ್ಲೆಂಡಿನಲ್ಲಿ ಬ್ರ್ಯಾಂಬೆಲ್ ಎಂಬವರ ಅಧ್ಯಕ್ಷತೆಯ ಸಮಿತಿಯು 1965ರಲ್ಲಿ ಹೇಳಿತು. ಅದು ಬೆಳೆದು ಹಸಿವು-ನೀರಡಿಕೆ, ಅಸೌಖ್ಯ, ನೋವು-ರೋಗ, ಭಯ-ಸಂಕಟಗಳಿಂದ ಬಿಡುಗಡೆ ಮತ್ತು ಸಹಜವಾಗಿ ವರ್ತಿಸುವ ಅವಕಾಶ ಎಂಬ ಐದು ಸ್ವಾತಂತ್ರ್ಯಗಳ ರೂಪ ತಾಳಿತು. 2014ರ ಮೇ 7ರಂದು ನಾಗರಾಜ ಎಂಬವರ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು ಈ ಐದನ್ನೂ 1960ರ ಕಾಯಿದೆಯೊಳಗೆ ಓದಿಕೊಂಡಿತು. ಜೀವಿಗಳಲ್ಲಿ ದಯೆಯಿಡುವುದು ಪ್ರಜೆಯ ಮೂಲಕರ್ತವ್ಯವೆಂದು 1976ರ ತಿದ್ದುಪಡಿಯಿಂದ ಸಂವಿಧಾನದಲ್ಲಿಯೂ ಸೇರಿದೆ.

ಆ ತೀರ್ಪು ಜಲ್ಲಿಕಟ್ಟು, ಗಾಡಿಯೋಟಗಳ ಬಗೆಗಿನದು. ಅನಂತರ 2017ರಲ್ಲಿ ಕರ್ನಾಟಕವು ಕಾಯಿದೆಗೆ ತಿದ್ದುಪಡಿ ತಂದು ಕಂಬಳಕ್ಕೂ ಎತ್ತಿನ ಗಾಡಿಯ ಓಟಕ್ಕೂ ಎಡೆಮಾಡಿತು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠವು ಅದನ್ನು ಎತ್ತಿಹಿಡಿಯಿತು. ಆದರೆ ಓಟಕ್ಕೆ ಒಪ್ಪಿಗೆ ಸಿಕ್ಕಿತೆಂದರೆ ಹಿಂಸೆಗೆ ಒಪ್ಪಿಗೆ ಸಿಕ್ಕಿತೆಂದಲ್ಲ. ಕಾರಹುಣ್ಣಿಮೆಯ ಸಂಜೆ ಕರಿ ಹರಿಯುವಾಗ ಬಾಲ ತಿರುಚುವುದು, ಸಾರಾಯಿ ಕುಡಿಸುವುದು, ಮುಳ್ಳು ಚುಚ್ಚುವುದು ಇವೆಲ್ಲ ಹಿಂದೆಯೂ ಅಪರಾಧ, ಇಂದೂ ಅಪರಾಧ.

ಇನ್ನು ಮನೆಯ ಸೋದರಿಯರ ಕೈಯಲ್ಲಿರುವ ಸಂಗತಿಗೆ ಬರುವೆವು. ಹೈನದ ಆರೈಕೆ ಹೆಚ್ಚಾಗಿ ಅವರದೇ. ಹಾಲು ಬೇಗ ಇಳಿಯಲೆಂದು ಕರೆಯುವ ಮುಂಚೆ ಚುಚ್ಚುಮದ್ದು ಕೊಡುವ ರೂಢಿ ಕೆಲವೆಡೆ ಸೇರಿಕೊಂಡಿದೆ. ಪಶುವಿನ ಆರೋಗ್ಯಕ್ಕೆ ಕೇಡಾಗುವಂತೆ ಹಾಲಿಳಿಸುವ ಯಾವ ಉಪಾಯವನ್ನು ಮಾಡಿದರೂ, ಚುಚ್ಚುಮದ್ದೂ ಸೇರಿ, ಹನ್ನೆರಡನೆಯ ಕಲಮಿನ ಮೇರೆಗೆ 1000 ರೂಪಾಯಿಯವರೆಗೆ ದಂಡ ಅಥವಾ ಎರಡು ವರ್ಷಗಳವರೆಗೆ ಸೆರೆ ಅಥವಾ ಎರಡೂ ಆಗಬಹುದು. ಪಶುವನ್ನೂ ಸರ್ಕಾರ ಮುಟ್ಟುಗೋಲು ಹಾಕಿಕೊಳ್ಳುವುದು. ಈದ ಮನೆಯಲ್ಲಿ ಗಿಣ್ಣದ ಸವಿ ಎಲ್ಲರಿಗೂ ಬೇಕು. ಆದರೆ ಹುಟ್ಟಿದ ಒಂದೆರಡು ಗಂಟೆಗಳೊಳಗೆ ಕರುವಿನ ಹೊಟ್ಟೆಗೆ ಗಿಣ್ಣದ ಹಾಲು ಸೇರದಿದ್ದರೆ ರೋಗಗಳನ್ನು ತಡೆಯುವ ಶಕ್ತಿಯೇ ಅದಕ್ಕೆ ಬರುವುದಿಲ್ಲ. ಕರುವಿನ ಪಾಲು ಮೊದಲು, ಮನೆಯ ಪಾಲು ಆಮೇಲೆ.

ಇಲ್ಲಿಯೇ ಒಂದು ಕಹಿ ಮಾತನ್ನು ಹೇಳದೆ ವಿಧಿಯಿಲ್ಲ. ಎಮ್ಮೆ ಹೆಣ್ಣು ಕರು ಹಾಕಿದರೆ ಮನೆಯಲ್ಲಿ ಸಂತೋಷ. ಗಂಡು ಕರುವಾದರೆ ಅದಕ್ಕೆ ಹಾಲು ದಂಡವೆಂದು ಗೂಟಕ್ಕೆ ಕಟ್ಟಿ, ಹಸಿವಿನಿಂದ ತಾನಾಗಿ ಸಾಯಲೆಂದು ಬಿಡುವ ಮನೆಗಳುಂಟು. ಕೊಂದ ಪಾಪ ನಮಗಿಲ್ಲವೆಂಬ ಸಮಾಧಾನವೊಂದು ಇದರ ಹಿಂದಿರುವುದು. ಪಶುವಿಗೆ ಸಾಕಷ್ಟು ಮೇವು, ನೀರು, ನೆರಳು ಕೊಡದಿರುವುದು ಕಾಯಿದೆಯಲ್ಲಿ ಹೊಡೆಯುವುದಕ್ಕೆ ಸಮನಾದ ಅಪರಾಧ. ಕೈ ಎತ್ತದೆ ಕೊಡುವ ಮರಣವು ಕೈ ಎತ್ತಿ ಕೊಟ್ಟುದಕ್ಕಿಂತ ದೀರ್ಘವಾದುದು. ತಾಯಿಯ ಕೆಚ್ಚಲು ಎರಡು ಮಾರು ದೂರದಲ್ಲಿರುವಾಗ ಆ ಕರು ಕೂಗುವ ಕೂಗನ್ನು ಮನೆಯ ಮಕ್ಕಳೂ ಕೇಳುತ್ತಿರುವರು.

ಬೀಜ ಒಡೆಯುವುದು, ಮೂಗು ಚುಚ್ಚುವುದು, ಕೊಂಬು ತೆಗೆಯುವುದು, ಗುರುತಿನ ಬರೆ ಇವನ್ನು ಗೊತ್ತುಪಡಿಸಿದ ರೀತಿಯಲ್ಲಿ ಮಾಡಿದರೆ ಕಾಯಿದೆ ಅಪರಾಧವೆಂದು ಎಣಿಸುವುದಿಲ್ಲ. ಆದರೆ ಹೋರಿಯನ್ನು ಕೆಡವಿ ಕಲ್ಲಿನಿಂದ ಜಜ್ಜುವುದು ಹಳೆಯ ಕಾಲದ ಅಸಹಾಯತೆ. ಪಶು ಆಸ್ಪತ್ರೆಯಲ್ಲಿ ಇಕ್ಕಳದಿಂದ ಗಾಯವಿಲ್ಲದೆ ಕೆಲವು ನಿಮಿಷಗಳಲ್ಲಿ ಮಾಡುವರು. ತಾಲೂಕು ಊರುಗಳಲ್ಲಿ ಪಶುವೈದ್ಯರಿರುವಾಗ, 1962 ಎಂಬ ಅಂಕೆಗೆ ದೂರವಾಣಿ ಮಾಡಿದರೆ ಸಂಚಾರಿ ಚಿಕಿತ್ಸಾ ವಾಹನವೇ ಹಳ್ಳಿಗೆ ಬರುವ ಏರ್ಪಾಡಾಗಿರುವಾಗ, ಆ ನೋವು ‘ಅನಗತ್ಯ’ವೆಂಬ ಗುಂಪಿಗೆ ಸೇರಿಹೋಯಿತು. ಹೊಟ್ಟೆಯುಬ್ಬರಕ್ಕೆ, ಕಾಲುಬಾಯಿ ಬೇನೆಗೆ ಕಾದ ಕಬ್ಬಿಣದ ಬರೆ ಎಳೆಯುವ ಚಿಕಿತ್ಸೆಯ ಮಾತೂ ಇದೇ.

ಕುರಿಗಳನ್ನೂ ಮರೆಯಬಾರದು. ಲಿಂಗಸುಗೂರು, ಸಿಂಧನೂರುಗಳ ಸೀಮೆಯು ಕೆಂಗುರಿ ಎಂಬ ಹೆಸರಾಂತ ತಳಿಯ ತವರು. ಸಂತೆಯಿಂದ ಸಂತೆಗೆ ಅವುಗಳನ್ನು ವಾಹನಗಳಲ್ಲಿ ಒಂದರ ಮೇಲೊಂದು ತುಂಬಿ ಒಯ್ಯುವುದನ್ನೂ, ಕೋಳಿಗಳ ಕಾಲು ಕಟ್ಟಿ ತಲೆಕೆಳಗಾಗಿ ತೂಗುಹಾಕಿಕೊಂಡು ಹೋಗುವುದನ್ನೂ ದಾರಿಯಲ್ಲಿ ನಾವೆಲ್ಲರೂ ಕಾಣುತ್ತೇವೆ. ನೋವಾಗುವ ರೀತಿಯಲ್ಲಿ ಸಾಗಿಸುವುದೂ ಹನ್ನೊಂದನೆಯ ಕಲಮಿನೊಳಗೆ ಬರುವುದು. 1978ರ ಸಾಗಾಣಿಕೆ ನಿಯಮಗಳು ದನಗಳಿಗೆ ಪ್ರಯಾಣಕ್ಕೆ ತಕ್ಕವೆಂಬ ಪಶುವೈದ್ಯರ ಪತ್ರ, ದಾರಿಗೆ ಮೇವು ನೀರು, ಜೊತೆಗೊಬ್ಬ ಕಾಯುವವನು ಇರಬೇಕೆಂದೂ, ಒಂದು ಲಾರಿಯಲ್ಲಿ ಆರು ದನಗಳಿಗೆ ಮೀರಬಾರದೆಂದೂ ವಿಧಿಸುತ್ತವೆ. ಮಾರಿದ ಮೇಲೆ ನಮ್ಮದಲ್ಲವೆಂದು ಮುಖ ತಿರುಗಿಸದೆ, ಕೊಂಡವನು ಹೇಗೆ ಒಯ್ಯುವನೆಂದು ವಿಚಾರಿಸುವಷ್ಟು ಋಣ ನಮಗೆ ಉಳಿದಿರುತ್ತದೆ.

ಕೊನೆಯದು, ಎಲ್ಲಕ್ಕಿಂತ ಕಠಿಣವಾದುದು, ಮುದಿ ಎತ್ತಿನ ಪ್ರಶ್ನೆ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದು ಎಡದಂಡೆಯ ಕಾಲುವೆ ಹರಿದ ಬಳಿಕ ಸಿಂಧನೂರಿನ ಸೀಮೆ ಬತ್ತದ ಕಣಜವಾಯಿತು. ಬರಬರುತ್ತ ಟ್ರ್ಯಾಕ್ಟರು, ಕೊಯ್ಲಿನ ಯಂತ್ರಗಳು ಬಂದು ಎತ್ತುಗಳ ಕೆಲಸ ಕಡಿಮೆಯಾಯಿತು. ದುಡಿಯದ ಎತ್ತನ್ನು ಸಾಕುವುದು ಬಡ ಒಕ್ಕಲಿಗನಿಗೆ ಭಾರವೇ. 2020ರ ಕರ್ನಾಟಕ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣೆ ಕಾಯಿದೆಯ ಮೇರೆಗೆ ಯಾವ ವಯಸ್ಸಿನ ಎತ್ತನ್ನೂ ಕಸಾಯಿಖಾನೆಗೆ ಕೊಡುವಂತಿಲ್ಲ. 1960ರ ಕಾಯಿದೆಯ ಮೇರೆಗೆ ಹಸಿವು ನೀರಡಿಕೆಗಳಿಂದ ಬಳಲುವಂತೆ ಬೀದಿಗೆ ಬಿಡುವಂತೆಯೂ ಇಲ್ಲ. ಎರಡು ಬಾಗಿಲು ಮುಚ್ಚಿದ ಕಾಯಿದೆಯು ಮೂರನೆಯದನ್ನು ತೆರೆಯಬೇಕಾದುದು ನ್ಯಾಯ. ಗೋಶಾಲೆಗಳು, ಬೇಸಗೆಯ ಮೇವಿನ ಬ್ಯಾಂಕುಗಳು ತಾಲೂಕಿಗೆ ಸಾಕಾಗುವಷ್ಟು ಇರಬೇಕೆಂದು ಸರ್ಕಾರವನ್ನು ಕೇಳುವ ಹಕ್ಕು ಒಕ್ಕಲಿಗನಿಗಿದೆ. ಭಾರವನ್ನೆಲ್ಲ ಅವನೊಬ್ಬನ ಹೆಗಲಿಗೆ ಹಾಕಿ ದಯೆಯ ಉಪದೇಶ ಮಾಡುವುದು ಜೋಡಿ ತಪ್ಪಿದ ನೊಗದಂತೆಯೇ ಸರಿ.

ಹಾಗೆಂದು ನಮ್ಮ ಕೈಯಲ್ಲಿ ಏನೂ ಇಲ್ಲವೆಂದಲ್ಲ. ಗದ್ದೆಯಲ್ಲಿ ಯಂತ್ರ ಕೊಯ್ದು ಬಿಟ್ಟ ಬತ್ತದ ಹುಲ್ಲನ್ನು ಅಲ್ಲಿಯೇ ಸುಡುವವರುಂಟು. ಅದೇ ಬೇಸಗೆಯಲ್ಲಿ ನೀರಾವರಿಯಿಲ್ಲದ ಎರೆಹೊಲದ ಹಳ್ಳಿಗಳಲ್ಲಿ ಜೋಳದ ಕಣಿಕೆಯ ಬಣವೆ ಕರಗಿ ಗೋದಲಿ ಬರಿದಾಗಿರುವುದು. ಬತ್ತದ ಹುಲ್ಲು ಕಣಿಕೆಯಷ್ಟು ಪುಷ್ಟಿಯದಲ್ಲ, ನಿಜ. ಆದರೆ ಬೂದಿಗಿಂತ ಪುಷ್ಟಿಯದೇ. ಸುಡುವ ಬದಲು ಕಟ್ಟಿಸಿ, ಬೇಕಾದವರು ಒಯ್ಯಲೆಂದು ಸಾರಿದರೂ ಎಷ್ಟೋ ಮುದಿ ಎತ್ತುಗಳು ಸಂತೆಯ ದಾರಿ ಹಿಡಿಯದೆ ಒಂದು ಬೇಸಗೆ ದಾಟಬಹುದು. ಕಾಲುವೆಗೆ ನೀರು ನಿಂತ ಮೇಲೆ ಊರ ಬಾವಿ, ಕೊಳವೆಬಾವಿಗಳ ಬಳಿ ದನಗಳಿಗೊಂದು ನೀರಿನ ತೊಟ್ಟಿ ಇರುವಂತೆ ಪಂಚಾಯತಿಯನ್ನು ಕೇಳಬಹುದು. ಅದು ಆಗುವತನಕ ಮನೆಯ ಮುಂದೊಂದು ಕಲ್ಲುದೋಣಿಯನ್ನು ತುಂಬಿಡಬಹುದು.

ಮನುಷ್ಯರಿಗೇ ಅನ್ನ ನೀರು ಸಾಲದಿರುವಾಗ ದನಗಳ ಕಾಯಿದೆಯೇಕೆ ಎಂದು ಕೇಳುವವರುಂಟು. ನಾವು ಮೇಲೆ ಹೇಳಿದವುಗಳಲ್ಲಿ ಹಣ ಬೇಡುವಂಥವು ಎಷ್ಟು ಎಂಬುದನ್ನು ಅವರೇ ಎಣಿಸಿ ನೋಡಲಿ. ಮಧ್ಯಾಹ್ನ ಮೂರು ಗಂಟೆಗಳ ಬಿಡುವು, ಒಂದು ಮೊಳ ಉದ್ದವಾದ ಹಗ್ಗ, ನೊಗಕ್ಕೆ ಸುತ್ತಿದ ಬಟ್ಟೆ, ಕರುವಿಗೆ ಮೊದಲ ಹಾಲು, ಆಳಿಗೆ ಹೇಳುವ ಒಂದು ಮಾತು. ಇವು ಬಡವನ ಮನೆಯಲ್ಲಿಯೂ ನಡೆಯಬಲ್ಲವು, ಸಿರಿವಂತನ ಮನೆಯಲ್ಲಿ ನಡೆಯದೆಯೂ ಇರಬಲ್ಲವು. ಸಣ್ಣವನಿಗೂ ಧರ್ಮ ಸಾಧ್ಯವೆಂದು ಮಸ್ಕಿಯ ಬಂಡೆ ಹೇಳುವುದರ ಅರ್ಥ ನಮಗೆ ಕಾಣುವುದು ಹೀಗೆ.

ನಮ್ಮ ವಾಚಕರಲ್ಲಿ ಒಂದು ಕೋರಿಕೆಯಿದೆ. ಇಂದು ರಾತ್ರಿ ಊಟವಾದ ಮೇಲೆ ಮನೆಯ ಮಕ್ಕಳಲ್ಲಿ ಒಬ್ಬರನ್ನು ಕರೆದುಕೊಂಡು ಕೊಟ್ಟಿಗೆಗೆ ಹೋಗಿರಿ. ಹಗ್ಗ ಮಲಗುವಷ್ಟು ಉದ್ದವಿದೆಯೆ, ಹೆಗಲಲ್ಲಿ ಬಾವಿದೆಯೆ, ಗೋದಲಿಯಲ್ಲಿ ಮೇವು, ದೋಣಿಯಲ್ಲಿ ನೀರು ಇವೆಯೆ ಎಂಬ ನಾಲ್ಕನ್ನು ಮಗುವಿನ ಕೈಯಿಂದಲೇ ನೋಡಿಸಿರಿ. ಯಾವ ಅಧಿಕಾರಿಯೂ ಬರದ ಹೊತ್ತಿನಲ್ಲಿ ಬಂದು ನೋಡಿದ ಆ ಮಗು ಬೆಳೆದು ಹಗ್ಗ ಹಿಡಿದಾಗ, ಕಾಯಿದೆಯ ದಂಡ 50 ರೂಪಾಯಿಯೋ 5000 ರೂಪಾಯಿಯೋ ಎಂಬುದನ್ನು ವಿಚಾರಿಸುವ ಅಗತ್ಯ ಅದಕ್ಕೆ ಬೀಳಲಾರದು.